ಜನರೇ ಇಲ್ಲದ ಮಾದರಿ ಗ್ರಾಮ

ಕಂದಾಯ ದಫ್ತರಿಗೆ ಬೇಚರಾಕ್ ಗ್ರಾಮದಷ್ಟು, ಅಂದರೆ ದಾಖಲೆಯಲ್ಲಿದ್ದೂ ಜನವಸತಿ ಇಲ್ಲದ ಊರಿನಷ್ಟು, ಹಿತವಾದ ಊರು ಇನ್ನೊಂದಿಲ್ಲ. ಹೆಸರಿದೆ, ನಕ್ಷೆಯಿದೆ, ಜಮೀನಿನ ವಿಸ್ತೀರ್ಣ, ಕಂದಾಯ ಬರೆದಿಟ್ಟ ಆಕಾರಬಂದ್ ಇದೆ, ಒಂದರಿಂದ ಶುರುವಾಗುವ ಸರ್ವೆ ನಂಬರುಗಳಿವೆ, ಎಷ್ಟೋ ಕಡೆ ಮನೆ ಕಟ್ಟಿಕೊಳ್ಳಲೆಂದು ಗ್ರಾಮಠಾಣಾ ಕೂಡ ಇದೆ. ಇಲ್ಲದಿರುವುದು ಜನ ಮಾತ್ರ. ಹಾಗಾಗಿ ನಲ್ಲಿಯ ತಕರಾರಿಲ್ಲ, ಚರಂಡಿಯ ಖರ್ಚಿಲ್ಲ, ಬಯಲು ಶೌಚವಂತೂ ಯಾವ ಆಂದೋಲನವೂ ಇಲ್ಲದೆ ಪೂರ್ತಿ ನಿರ್ಮೂಲ. 2011ರ ಜನಗಣತಿಯಲ್ಲಿ ರಾಜ್ಯದ 29,340 ಗ್ರಾಮಗಳ ಪೈಕಿ ಜನವಸತಿ ಇದ್ದವು 27,397. ಉಳಿದ 1,943 ಊರುಗಳ ಜನಸಂಖ್ಯೆಯ ಕಲಂನಲ್ಲಿ ಸೊನ್ನೆ.

ಹಳೇ ಮೈಸೂರು ಸಂಸ್ಥಾನದ ಚಿತ್ರದುರ್ಗ ಜಿಲ್ಲೆಯನ್ನೇ ನೋಡಿ. ಸಂಸ್ಥಾನದ ಕಂದಾಯ ಮೋಜಣಿ, ಅಂದರೆ ಭೂಮಿಯ ಅಳತೆ, 1863ರಲ್ಲಿ ಶುರುವಾದದ್ದು ಇಲ್ಲಿಂದ. ಅಳೆಯಲು 33 ಅಡಿಯ ಸರಪಳಿ, ಅದರಲ್ಲಿ ಆಣೆ ಎಂಬ 16 ಭಾಗ. ಸರಪಳಿಯ ಒಂದು ಚೌಕ ಎಂದರೆ ಗುಂಟೆ, 40 ಗುಂಟೆಗೆ ಎಕರೆ. ಹೊಲಹೊಲಕ್ಕೂ ಗಡಿ ಗುರುತಿನ ಬಾಂದುಕಲ್ಲು ನೆಟ್ಟರು. ಮೋಜಣಿ ಸಂಸ್ಥಾನದುದ್ದಕ್ಕೂ ಮುಗಿಯುವ ಮೊದಲೇ ಧಾತು–ಈಶ್ವರ ಸಂವತ್ಸರಗಳ ಬರ ಬಂತು. 1871ರಲ್ಲಿ 50,55,412 ಇದ್ದ ಸಂಸ್ಥಾನದ ಜನ 1881ಕ್ಕೆ 41,86,188ಕ್ಕೆ ಇಳಿದರು. ಆಮೇಲೆ ಪ್ಲೇಗು, ಅದರ ಬೆನ್ನಿಗೇ ಮಾರಿಕಣಿವೆ ಅಣೆಕಟ್ಟಿನ ಹಿನ್ನೀರು. ಊರು ಬಿಡುವವರು ನಕ್ಷೆಯನ್ನೇನೂ ಜೊತೆಗೆ ಒಯ್ಯಲಿಲ್ಲವಲ್ಲ!

ಈಗ ಅದೇ ಸೀಮೆಯ ಗೊಲ್ಲರಹಟ್ಟಿಗೋ ಲಂಬಾಣಿ ತಾಂಡಾಕ್ಕೋ ಬನ್ನಿ. ಮನೆ, ಗುಡಿ, ಶಾಲೆ, ರೇಷನ್ ಕಾರ್ಡು, ಕರೆಂಟ್ ಮೀಟರು, ಮತದಾರರ ಪಟ್ಟಿ ಎಲ್ಲಾ ಉಂಟು. ಕಂದಾಯ ದಾಖಲೆಯಲ್ಲಿ ಊರು ಮಾತ್ರ ಇಲ್ಲ. ಮನೆಗಳು ನಿಂತಿರುವುದು ಪಕ್ಕದ ಗ್ರಾಮದ ಯಾವುದೋ ಸರ್ವೆ ನಂಬರಿನಲ್ಲಿ; ಅದರ ಪಹಣಿಯಲ್ಲಿ ಬೆಳೆ ನಮೂದಿಸುವ 12ನೇ ಕಲಂನಲ್ಲಿ ಶೇಂಗಾ ಎಂದು ಬರೆದಿದ್ದರೆ ಇಡೀ ಹಟ್ಟಿ ಶೇಂಗಾ. ಮಳೆ ಕೈಕೊಟ್ಟ ವರ್ಷ ಮನೆಗಳು ಒಣಗದೆ ನಿಂತಿರುವುದೇ ಪುಣ್ಯ.

ಮನೆಯ ಮೇಲೆ ಸಾಲ ಬೇಕೆಂದು ಬ್ಯಾಂಕಿಗೆ ಹೋದರೆ ಪಂಚಾಯಿತಿಯ ಆಸ್ತಿ ದಾಖಲೆಯಾದ ಇ-ಸ್ವತ್ತಿನ ನಮೂನೆ 9 ತನ್ನಿ ಎನ್ನುತ್ತಾರೆ. ಅದು ಸಿಗಬೇಕಾದರೆ ಮನೆ ಗ್ರಾಮಠಾಣಾದೊಳಗಿರಬೇಕು, ಇಲ್ಲವೇ ಜಮೀನಿಗೆ ಭೂಪರಿವರ್ತನೆ ಆಗಿರಬೇಕು. ಹಟ್ಟಿಗೆ ಎರಡೂ ಇಲ್ಲ. ಗ್ರಾಮಠಾಣಾ ಇರುವುದು ಬೇಚರಾಕ್ ಗ್ರಾಮದಲ್ಲಿ, ಅಲ್ಲಿ ಅರ್ಜಿ ಹಾಕುವವರಿಲ್ಲ. ಈ ಹೊಂದಾಣಿಕೆಯಿಂದ ಕಡತಗಳ ಒತ್ತಡ ಬಹಳ ಕಡಿಮೆಯಾಗಿದೆ.

ಪರಿಹಾರ ಇಲ್ಲವೆಂದಲ್ಲ; ಹಟ್ಟಿಯನ್ನು ಕಂದಾಯ ಗ್ರಾಮ, ಅಂದರೆ ದಾಖಲೆಯಲ್ಲೂ ಪ್ರತ್ಯೇಕ ಊರು, ಮಾಡಬಹುದು. ಮನೆಗಳ ಅಳತೆ, ಕರಡು ನಕ್ಷೆ, ಪ್ರಾಥಮಿಕ ಅಧಿಸೂಚನೆ, ಆಕ್ಷೇಪಣೆ, ಅಂತಿಮ ಅಧಿಸೂಚನೆ, ಆಮೇಲೆ ಹಕ್ಕುಪತ್ರ. ಕಾಗದದಲ್ಲಿ ಸಲೀಸು. ಆದರೆ ಮನೆ ಕಟ್ಟಿದವರು ಸರ್ವೆ ನಂಬರು ಕೇಳಿ ಪಾಯ ತೋಡಿದವರಲ್ಲ. ಒಂದು ಸಾಲು ಗೋಮಾಳದಲ್ಲಿ, ಇನ್ನೊಂದು ಖಾಸಗಿ ಹಿಡುವಳಿಯಲ್ಲಿ, ಆ ಹಿಡುವಳಿಯ ಪಹಣಿಯ 11ನೇ ಕಲಂನಲ್ಲಿ ಬೆಳೆಸಾಲದ ಋಣ, ಮೂರನೆಯ ಸಾಲು ಅರಣ್ಯದ ಗಡಿಯೊಳಗೆ. ಗೋಮಾಳದ ಕಡತ ಮುಂದೆ ಹೋಗುತ್ತದೆ, ಖಾಸಗಿಯದು ಬ್ಯಾಂಕಿನ ಬಾಗಿಲಲ್ಲಿ ನಿಲ್ಲುತ್ತದೆ, ಅರಣ್ಯದ್ದು ಮಲಗುತ್ತದೆ. ಕೊನೆಗೆ ಬೀದಿಯ ಈಚೆ ಬದಿ ಕಂದಾಯ ಗ್ರಾಮ, ಆಚೆ ಬದಿ ಶೇಂಗಾ, ತುದಿಯ ನಾಲ್ಕು ಮನೆ ಕಾಡು.

ಹಾಗಾದರೆ ಖಾಲಿ ಊರನ್ನಾದರೂ ಪಕ್ಕದ ಗ್ರಾಮಕ್ಕೆ ಸೇರಿಸಿಬಿಡಬಾರದೇ? ಅದಕ್ಕೂ ಅಧಿಸೂಚನೆ ಹೊರಡಿಸಿ ಗ್ರಾಮಸ್ಥರ ಅಹವಾಲು ಕೇಳಬೇಕು. ಕೇಳಲು ಹೋದ ನೌಕರ ಜಾಲಿ ಗಿಡಗಳ ನಡುವೆ ನಿಂತು ಬರೆಯುತ್ತಾನೆ: ಯಾರಿಂದಲೂ ಯಾವುದೇ ದೂರು ಬಂದಿರುವುದಿಲ್ಲ, ಗ್ರಾಮವನ್ನು ಯಥಾಸ್ಥಿತಿ ಮುಂದುವರಿಸಬಹುದು.