ಬೀರುವಿನ ತೇವಕ್ಕೆ ಬೇಬಿ ಪೌಡರ್ ಮದ್ದಲ್ಲ

ಮುಂಬೈಯಲ್ಲಿ ಜೂನ್ ಮಳೆ ಶುರುವಾದರೆ ಸಾಕು, ನಮ್ಮ ಕನ್ನಡ ಬಳಗಗಳ ವಾಟ್ಸಾಪ್ ಗುಂಪುಗಳಲ್ಲಿ ಆ ಮೆಸೇಜು ಮತ್ತೆ ಬರುತ್ತದೆ. ಬೀರುವಿನಲ್ಲಿ ಒಂದು ಬಟ್ಟಲು ಬೇಬಿ ಪೌಡರ್ ಇಟ್ಟರೆ ಸೀರೆಗಳಿಗೆ ಬೂಷ್ಟು ಹಿಡಿಯುವುದಿಲ್ಲವಂತೆ. ಕಳಿಸುವವರದು ಒಳ್ಳೆಯ ಮನಸ್ಸೇ. ಆದರೆ ಮಾತು ನಿಜವಲ್ಲ.

ಹಲವು ಬೇಬಿ ಪೌಡರ್‌ಗಳಲ್ಲಿರುವ ಟಾಲ್ಕ್ ಅಂದರೆ ತುಂಬಾ ಮೆತ್ತನೆಯ ಕಲ್ಲಿನ ಪುಡಿ. ಅದು ಎಣ್ಣೆಯನ್ನು ಹಿಡಿಯುತ್ತದೆ, ನೀರನ್ನು ಅಷ್ಟಾಗಿ ಹಿಡಿಯುವುದಿಲ್ಲ. ಸೀರೆಯ ಮೇಲಿನ ಎಣ್ಣೆ ಕಲೆಗೆ ರಾತ್ರಿ ಪೌಡರ್ ಉದುರಿಸಿ ಬೆಳಿಗ್ಗೆ ಕೊಡವುವ ಉಪಾಯ ಫಲಿಸುವುದೂ ಅದಕ್ಕೇ. ಕೆಲವು ಪೌಡರ್‌ಗಳು ಮೆಕ್ಕೆಜೋಳದ ಪಿಷ್ಟದವು. ಅವು ಸ್ವಲ್ಪ ತೇವ ಹೀರುತ್ತವೆ, ನಿಜ. ಆದರೆ ಒದ್ದೆಯಾದ ಪಿಷ್ಟ ಬೂಷ್ಟಿಗೇ ಊಟ, ಅಲ್ವಾ?

ನೀವೇ ನೋಡಬಹುದು. ಮೊದಲು ಡಬ್ಬಿಯ ಹಿಂದೆ ಏನು ಬರೆದಿದೆ ಓದಿ. ಚಿಟಿಕೆ ಪೌಡರ್‌ಗೆ ಒಂದು ಹನಿ ಅಯೋಡಿನ್ ಹಾಕಿ; ಕಡು ನೀಲಿಯಾದರೆ ಪಿಷ್ಟ ಇದೆ. ಆಮೇಲೆ ಎರಡು ಗರಿಗರಿ ಹಪ್ಪಳ ಸುಡಿ. ಒಂದನ್ನು ಪೌಡರ್ ಬಟ್ಟಲಿನ ಪಕ್ಕ ಇಡಿ, ಇನ್ನೊಂದನ್ನು ಬೇರೆ ಬೀರುವಿನಲ್ಲಿ ಸುಮ್ನೆ ಇಡಿ. ಮರುದಿನ ಎರಡನ್ನೂ ಮುರಿದು ನೋಡಿ; ಎರಡೂ ಒಂದೇ ತರ ಮೆತ್ತಗಾಗಿದ್ದರೆ ಪೌಡರ್ ತೇವ ತಡೆದಿಲ್ಲ ಎಂದರ್ಥ.

ಮನೆಯಲ್ಲಿ ಕೂಸಿದ್ದರೆ ಬಟ್ಟಲು ತೆರೆದಿಡಲೇಬೇಡಿ. ಆ ಪುಡಿ ಉಸಿರಿನಲ್ಲಿ ಹೋದರೆ ಮಗುವಿನ ಶ್ವಾಸಕೋಶಕ್ಕೆ ಅಪಾಯ. ತೇವಕ್ಕೆ ಸಿಲಿಕಾ ಜೆಲ್ ಪೊಟ್ಟಣ ಇಡಿ, ಬಿಸಿಲು ಬಂದ ದಿನ ಬೀರು ತೆರೆದಿಡಿ.