ಬೈಕಿಗೆ ಜೋಗುಳ

ನಾವಿರುವ ಕಡೆ ಚಳಿಗಾಲ ಅಂದರೆ ಸ್ವೆಟರ್ ಹಾಕಿಕೊಂಡು ಗಾಡಿ ಓಡಿಸುವ ಚಳಿಗಾಲ ಅಲ್ಲ. ರಸ್ತೆ ಮೇಲೆ ಹಿಮ, ಹಿಮದ ಮೇಲೆ ಅದು ಕರಗಲಿ ಅಂತ ಎರಚಿದ ಉಪ್ಪು, ಆ ಉಪ್ಪಿನ ಮೇಲೆ ನಾವು. ನಾಲ್ಕು ತಿಂಗಳು ಎರಡು ಚಕ್ರದ ಸಹವಾಸವೇ ಇಲ್ಲ. ಹಾಗಾಗಿ ಪ್ರತಿ ವರ್ಷ ಒಂದು ಭಾನುವಾರ ನನ್ನ ಬೈಕನ್ನು ಶೆಡ್ಡಿನಲ್ಲಿ ಮಲಗಿಸುತ್ತೇನೆ. ಮಲಗಿಸುವುದು ಅರ್ಧ ದಿನದ ಕೆಲಸ. ಮಲಗಿಸಿದ ಮೇಲೆ ಅದರ ತಂಟೆಗೆ ಹೋಗದೆ ಇರುವುದಿದೆಯಲ್ಲ, ಅದು ನಾಲ್ಕು ತಿಂಗಳ ಕೆಲಸ. ಅದೊಂದು ನನಗೆ ಇವತ್ತಿಗೂ ಬಂದಿಲ್ಲ.

ಮೊದಲನೇ ವರ್ಷ ನಾನು ಏನೂ ಮಾಡಲಿಲ್ಲ. ಓಡಿಸಿಕೊಂಡು ಬಂದೆ, ನಿಲ್ಲಿಸಿದೆ, ಒಂದು ದಪ್ಪ ಪ್ಲಾಸ್ಟಿಕ್ ಹಾಳೆ ಹೊದಿಸಿ ಹಗ್ಗ ಕಟ್ಟಿದೆ. ಗಾಳಿ ಕೂಡ ಒಳಗೆ ಹೋಗಬಾರದು ಅಂತ ಬಿಗಿಯಾಗಿ ಕಟ್ಟಿದ್ದೆ. ಹೋಗಲಿಲ್ಲ. ಒಳಗಿದ್ದ ತೇವವೂ ಹೊರಗೆ ಬರಲಿಲ್ಲ. ಬಿಸಿಲು ಬಂದಾಗ ಹಗ್ಗ ಬಿಚ್ಚಿ ನೋಡಿದರೆ ಹ್ಯಾಂಡಲ್‌ಗೆ ತುಕ್ಕಿನ ಚುಕ್ಕಿ, ಸೀಟಿಗೆ ಬೂಷ್ಟು. ಕೀ ತಿರುಗಿಸಿದೆ, ಲೈಟ್ ಕೂಡ ಹತ್ತಲಿಲ್ಲ. ನನ್ನದು ಕಾರ್ಬೊರೇಟರ್, ಅಂದರೆ ಪೆಟ್ರೋಲ್‌ಗೆ ಗಾಳಿ ಬೆರೆಸಿ ಎಂಜಿನ್‌ಗೆ ಕಳಿಸುವ ಭಾಗ, ಇರುವ ಹಳೇ ಗಾಡಿ. ಮೆಕ್ಯಾನಿಕ್ ಕಾರ್ಬೊರೇಟರ್ ಬಿಚ್ಚಿ ಬೆಳಕಿಗೆ ಹಿಡಿದು ತೋರಿಸಿದ. ಸೂಜಿ ತೂರುವುದೇ ಕಷ್ಟ ಅನ್ನುವಂಥ ಸಣ್ಣ ತೂತು. ಅದರ ತುಂಬಾ ಕಂದು ಬಣ್ಣದ ಅಂಟು. ತಿಂಗಳುಗಟ್ಟಲೆ ನಿಂತ ಪೆಟ್ರೋಲ್ ಆರಿ ಆರಿ ಹೀಗೆ ಗೋಂದಾಗುತ್ತದಂತೆ. ಮೂಸಿ ನೋಡಿದೆ. ಹಳೇ ವಾರ್ನಿಷ್ ಡಬ್ಬಿಯ ವಾಸನೆ.

‘ಏನೂ ಮಾಡ್ದೆ ನಿಲ್ಸಿದ್ರಾ ಸಾರ್?’ ಅಂದ.

‘ಕವರ್ ಹಾಕಿದ್ದೆ’ ಅಂದೆ, ಸ್ವಲ್ಪ ಗತ್ತಿನಿಂದಲೇ.

ಅವನು ಬಿಲ್ ಬರೆದ.

ಎರಡನೇ ವರ್ಷ ನಾನು ಪಂಡಿತನಾಗಿದ್ದೆ. ಬೈಕಿನ ಜೊತೆ ಬಂದ ಪುಸ್ತಕ ತೆಗೆದು ಮೊದಲ ಪುಟದಿಂದ ಓದಿದೆ. ಗಾಡಿ ಕೊಂಡು ಆರು ವರ್ಷವಾಗಿತ್ತು, ಆ ಪುಸ್ತಕದ ಪ್ಲಾಸ್ಟಿಕ್ ಚೀಲ ಆಗಲೇ ಹರಿದದ್ದು. ಟ್ಯಾಂಕ್ ಖಾಲಿ ಇದ್ದರೆ ಒಳಗಿನ ಗಾಳಿಯ ತೇವ ಗೋಡೆಗೆ ಕೂತು ತುಕ್ಕು ಹಿಡಿಯುತ್ತದೆ, ಆದ್ದರಿಂದ ಫುಲ್ ಮಾಡಿಸಬೇಕು. ಮಾಡಿಸಿದೆ. ಪೆಟ್ರೋಲ್ ಕೆಡದಂತೆ ಸ್ಟೆಬಿಲೈಸರ್ ಹಾಕಿ, ಹತ್ತು ನಿಮಿಷ ಎಂಜಿನ್ ಓಡಿಸಿ, ಆಮೇಲೆ ಪೆಟ್ರೋಲ್ ಬಂದ್ ಮಾಡಿ ಕಾರ್ಬೊರೇಟರ್ ಬಟ್ಟಲು ಖಾಲಿ ಮಾಡಬೇಕು. ಮಾಡಿದೆ. ಇಲ್ಲಿಯವರೆಗೆ ನನ್ನ ಬಟ್ಟೆ ಕೂಡ ಕೊಳೆಯಾಗಿರಲಿಲ್ಲ.

ಆಮೇಲೆ ಆಯಿಲ್. ಓಡಿದ ಆಯಿಲ್‌ನಲ್ಲಿ ನೀರು, ಆಮ್ಲ ಎಲ್ಲಾ ಸೇರಿರುತ್ತದೆ, ಅದನ್ನು ಒಳಗೆ ಬಿಟ್ಟು ನಿಲ್ಲಿಸಬಾರದು. ಎಂಜಿನ್ ಬೆಚ್ಚಗಿರುವಾಗಲೇ ಬಿಟ್ಟರೆ ಆಯಿಲ್ ಪೂರ್ತಿ ಇಳಿಯುತ್ತದೆ. ಬೈಕಿನ ಕೆಳಗೆ ಹಳೇ ಪ್ಲಾಸ್ಟಿಕ್ ಟಬ್ ಇಟ್ಟು, ನೆಲಕ್ಕೆ ಕೆನ್ನೆ ಹಚ್ಚಿ ಮಲಗಿ, ಡ್ರೈನ್ ಬೋಲ್ಟ್ ಸಡಿಲಿಸಿದೆ. ಕೊನೆಯ ಎರಡು ಸುತ್ತು ಬೆರಳಲ್ಲೇ ತಿರುಗಿಸಬೇಕು, ಗೊತ್ತಲ್ಲ. ಒಂದು ಸುತ್ತು ಬಂತು. ಎರಡನೆಯ ಸುತ್ತಿಗೆ ಬೋಲ್ಟ್ ಸಡಿಲವಾಯಿತು, ಅದರ ಹಿಂದೆಯೇ ಬಿಸಿ ಆಯಿಲ್ ನನ್ನ ಬೆರಳ ಮೇಲೆ. ಕೈ ತಾನಾಗಿಯೇ ಹಿಂದೆ ಬಂತು. ಬೋಲ್ಟ್ ‘ಬುಳಕ್’ ಅಂತ ಟಬ್ಬಿಗೆ ಹೋಯಿತು. ಆರುವವರೆಗೆ ಕಾದು, ಮೊಣಕೈವರೆಗೆ ತೋಳು ಮಡಚಿ, ಆ ಕಪ್ಪು ಕೊಳದಲ್ಲಿ ಹುಡುಕಿದೆ. ಬೋಲ್ಟ್ ಸಿಕ್ಕಿತು. ವಾಷರ್ ಇನ್ನೂ ಸಿಗಬೇಕಿತ್ತು. ಅಷ್ಟರಲ್ಲಿ ಮೂಗು ಕೆರೆಯಿತು. ಆಯಿಲ್ ಕೈಯಲ್ಲಿರುವಾಗಲೇ ಮೂಗು ಕೆರೆಯುವುದು ಯಾಕೆ ಅಂತ ಯಾರಾದರೂ ಹೇಳಬೇಕು.

ಇನ್ನೊಂದು ಸಲಹೆ ಇತ್ತು. ಎಂಜಿನ್‌ನ ಸ್ಪಾರ್ಕ್ ಪ್ಲಗ್ ಬಿಚ್ಚಿ, ಆ ತೂತಿಗೆ ಒಂದು ಚಮಚ ಹೊಸ ಆಯಿಲ್ ಬಿಟ್ಟು, ಎಂಜಿನ್ ನಾಲ್ಕು ಸುತ್ತು ತಿರುಗಿಸಬೇಕು. ಸಿಲಿಂಡರ್ ಗೋಡೆಗೆ ಎಣ್ಣೆ ಹತ್ತಿ ತುಕ್ಕು ಬರುವುದಿಲ್ಲ. ಚಮಚ ಅಂದಿದ್ದಾರೆ, ಎಷ್ಟು ದೊಡ್ಡದು ಅಂತ ಹೇಳಿಲ್ಲ. ಅಡುಗೆಮನೆಯಲ್ಲಿ ಕೈಗೆ ಸಿಕ್ಕಿದ್ದನ್ನು ತಂದೆ. ಅದು ಚಮಚ ಅಲ್ಲ, ಸೌಟು ಅಂತ ಹೆಂಡತಿ ಆಮೇಲೆ ತೀರ್ಪು ಕೊಟ್ಟಳು. ಎಣ್ಣೆ ಒಳಗೆ ಹೋಯಿತೋ ಇಲ್ಲವೋ ಅಂತ ಬಗ್ಗಿ ನೋಡುತ್ತಾ ಕಿಕ್ಕರ್ ಒತ್ತಿದೆ. ಪಿಸ್ಟನ್ ಮೇಲೆ ಬಂತು. ಪ್ಲಗ್ ಇಲ್ಲದ ತೂತಿನಿಂದ ಎಣ್ಣೆ ಪಿಚಕಾರಿಯಂತೆ ಹಾರಿ ನನ್ನ ಕನ್ನಡಕ, ಹುಬ್ಬು, ಬಲಗಿವಿ ದಾಟಿ ಶೆಡ್ಡಿನ ಚಾವಣಿಗೆ ಹೋಗಿ ಅಂಟಿತು. ಕನ್ನಡಕ ಒರೆಸಿಕೊಂಡು ಪುಸ್ತಕ ನೋಡಿದೆ. ‘ತೂತಿನ ಮೇಲೆ ಬಟ್ಟೆ ಮುಚ್ಚಿ ತಿರುಗಿಸಿ’ ಅಂತ ಮುಂದಿನ ಸಾಲಿನಲ್ಲೇ ಇತ್ತು. ಚಾವಣಿಯ ಆ ಕಲೆ ಈಗಲೂ ಇದೆ.

ಬ್ಯಾಟರಿಯ ವಿಷಯದಲ್ಲಿ ಮಾತ್ರ ಹುಷಾರಾಗಿದ್ದೆ ಅಂದುಕೊಂಡಿದ್ದೆ. ಮೈನಸ್ ಮೊದಲು ಬಿಚ್ಚಬೇಕು, ಹಾಕುವಾಗ ಕೊನೆಗೆ ಹಾಕಬೇಕು. ಮೈನಸ್ ವೈರು ಚಾಸಿಗೆ, ಅಂದರೆ ಗಾಡಿಯ ಲೋಹದ ಚೌಕಟ್ಟಿಗೆ, ಸೇರಿರುತ್ತದೆ. ಪ್ಲಸ್ ಮೊದಲು ಬಿಚ್ಚಲು ಹೋಗಿ ಸ್ಪಾನರ್ ಚಾಸಿಗೆ ತಾಗಿದರೆ ಶಾರ್ಟ್. ಇದನ್ನೆಲ್ಲಾ ಓದಿದ್ದೆ. ಆದರೂ ಕೈ ಕೆಂಪು ವೈರಿನ ಕಡೆಗೇ ಹೋಯಿತು. ಒಂದು ನೀಲಿ ಕಿಡಿ, ಒಂದು ‘ಚಟ್’. ಆ ಹತ್ತನೇ ನಂಬರ್ ಸ್ಪಾನರ್‌ನ ಅಂಚಿನಲ್ಲಿ ಇವತ್ತಿಗೂ ಒಂದು ಕಚ್ಚು ಇದೆ.

ಚಾರ್ಜ್ ಇಳಿದ ಬ್ಯಾಟರಿ ಹೊರಗೆ ಚಳಿಯಲ್ಲಿದ್ದರೆ ಒಳಗಿನ ದ್ರವ ಹೆಪ್ಪುಗಟ್ಟಿ ಒಡೆಯಬಹುದು. ಪೂರ್ತಿ ಚಾರ್ಜ್ ಇದ್ದರೆ, ಅಂದರೆ 12.6 ವೋಲ್ಟಿಗಿಂತ ಮೇಲಿದ್ದರೆ, ಅಷ್ಟು ಭಯವಿಲ್ಲ. ಯಾಕೆ ಬೇಕು ಅಂತ ಒಳಗೇ ತಂದೆ. ತಾನಾಗಿ ನಿಂತು ತಾನಾಗಿ ತುಂಬಿಸುವ ಚಾರ್ಜರ್‌ಗೆ ಹಾಕಿ, ಗಾಳಿಯಾಡುವ ಜಾಗ ಅಂತ ಮಲಗುವ ಕೋಣೆಯ ಕಿಟಕಿ ಹತ್ತಿರ ಇಟ್ಟೆ. ಅದರ ಹಸಿರು ದೀಪ ರಾತ್ರಿಯಿಡೀ ಮಿಣಮಿಣ.

‘ರೀ, ಅದಕ್ಕೆ ಬೇಕಾದ್ರೆ ಒಂದು ದಿಂಬು ಕೊಡಿ. ನೀವು ಶೆಡ್ಡಲ್ಲಿ ಮಲ್ಕೊಳ್ಳಿ’ ಅಂದಳು ಹೆಂಡತಿ. ಬ್ಯಾಟರಿ ವರಾಂಡಾಕ್ಕೆ ಹೋಯಿತು.

ಕೊನೆಯದು ಇಲಿ. ಚಳಿಗೆ ಇಲಿಗಳು ಸೈಲೆನ್ಸರ್ ಒಳಗೆ ಮನೆ ಮಾಡುತ್ತವೆ. ಅದಕ್ಕೆ ಒಂದು ಉಣ್ಣೆಯ ಕಾಲುಚೀಲಕ್ಕೆ ಪಾತ್ರೆ ಉಜ್ಜುವ ಸ್ಟೀಲ್ ನಾರು ತುಂಬಿ, ಕೋಲಿನಿಂದ ಒತ್ತಿ ಒತ್ತಿ ಒಳಗೆ ತುರುಕಿದೆ. ಯಾವ ಇಲಿಯೂ ಸೈಲೆನ್ಸರ್‌ಗೆ ಹೋಗಲಿಲ್ಲ. ಏರ್ ಫಿಲ್ಟರ್ ಡಬ್ಬಿಗೆ ಹೋಯಿತು. ಈ ಸಲ ಗಾಳಿಯಾಡಲಿ ಅಂತ ನಾನೇ ಹೊದಿಸಿದ್ದ ಹತ್ತಿ ಬಟ್ಟೆಯನ್ನು ಕತ್ತರಿಸಿ ಹಾಸಿಗೆ ಮಾಡಿಕೊಂಡಿತ್ತು.

ಬಿಸಿಲು ಬಂತು. ಇಲಿಯ ಹಾಸಿಗೆ ತೆಗೆದೆ, ಬ್ಯಾಟರಿ ಹಾಕಿದೆ, ಸೆಲ್ಫ್ ಒತ್ತಿದೆ. ಎಂಜಿನ್ ಕೆಮ್ಮಿತು, ನಿಂತಿತು. ಮತ್ತೆ ಕೆಮ್ಮಿತು, ನಿಂತಿತು. ಚೋಕ್ ಎಳೆದೆ, ಪ್ಲಗ್ ಬದಲಿಸಿದೆ, ಕಾರ್ಬೊರೇಟರ್ ಮತ್ತೆ ತೊಳೆದೆ. ಎರಡು ಗಂಟೆ ಕಿಕ್ ಹೊಡೆದು ಮಂಡಿ ನಡುಗುವಾಗ ಮೆಕ್ಯಾನಿಕ್‌ಗೆ ಫೋನ್ ಮಾಡಿದೆ. ಬಂದವನು ಪೆಟ್ಟಿಗೆ ಕೂಡ ತೆರೆಯಲಿಲ್ಲ. ಬೈಕಿಗೆ ಒಂದು ಸುತ್ತು ಬಂದ, ಹಿಂದೆ ಕುಕ್ಕರಗಾಲಲ್ಲಿ ಕೂತ, ಎರಡು ಬೆರಳು ಹಾಕಿ ಎಳೆದ. ಎಳೆದ, ಎಳೆದ, ಉದ್ದಕ್ಕೆ ಬಂತು.

‘ಸಾರ್, ಇನ್ನೊಂದು ಕಾಲಿಂದು ಎಲ್ಲಿ?’ ಅಂದ.

ಆ ಪ್ರಶ್ನೆಯನ್ನು ಹೆಂಡತಿ ಚಳಿಗಾಲವಿಡೀ ಕೇಳಿದ್ದಳು.

ಮೂರನೇ ವರ್ಷ ಬೇರೆ ದಾರಿ ಹಿಡಿದೆ. ಕಾಲುಚೀಲ ಬೇಡ, ಬ್ಯಾಟರಿ ಬಿಚ್ಚುವುದೂ ಬೇಡ, ವಾರಕ್ಕೊಮ್ಮೆ ಐದು ನಿಮಿಷ ಸ್ಟಾರ್ಟ್ ಮಾಡಿದರೆ ಸಾಕು ಅಂದುಕೊಂಡೆ. ನಿಜ ಹೇಳಬೇಕೆಂದರೆ ಬೈಕಿನ ಆರೋಗ್ಯ ಬರೀ ನೆಪ. ನನಗೆ ಅದರ ಸದ್ದು ಕೇಳಬೇಕಿತ್ತು. ಶನಿವಾರ ಸಂಜೆ ‘ಹಾರೆ ಎಲ್ಲಿಟ್ಟೆ ನೋಡ್ತೀನಿ’ ಅಂತ ಶೆಡ್ಡಿಗೆ ಹೋಗುವುದು, ಬಾಗಿಲು ಪೂರ್ತಿ ತೆಗೆದು ಸ್ಟಾರ್ಟ್ ಮಾಡುವುದು, ಕಣ್ಣು ಮುಚ್ಚಿಕೊಂಡು ನಿಲ್ಲುವುದು. ಅಷ್ಟು ಸದ್ದು ಮಾಡಿ ಹಾರೆ ಹುಡುಕುವವರು ನಮ್ಮ ಬೀದಿಯಲ್ಲಿ ನಾನೊಬ್ಬನೇ.

ಚಳಿ ಮುಗಿದ ಮೇಲೆ ಮೆಕ್ಯಾನಿಕ್ ಆಯಿಲ್ ಮುಚ್ಚಳ ತಿರುಗಿಸಿ ಅದರ ಒಳಭಾಗ ತೋರಿಸಿದ. ಬಿಳಿಚಿದ ನೊರೆ. ಒಂದು ಲೀಟರ್ ಪೆಟ್ರೋಲ್ ಉರಿದರೆ ಹತ್ತಿರಹತ್ತಿರ ಒಂದು ಲೀಟರ್ ನೀರು ಹುಟ್ಟುತ್ತದೆ, ಆವಿಯ ರೂಪದಲ್ಲಿ. ಎಂಜಿನ್ ಚೆನ್ನಾಗಿ ಕಾದರೆ ಅದು ಹೊರಗೆ ಹೋಗುತ್ತದೆ. ಐದು ನಿಮಿಷಕ್ಕೆ ಕಾಯುವುದೆಲ್ಲಿ? ಸ್ವಲ್ಪ ಸೈಲೆನ್ಸರ್‌ನಲ್ಲಿ ನಿಲ್ಲುತ್ತದೆ, ಸ್ವಲ್ಪ ಆಯಿಲ್ ಸೇರುತ್ತದೆ. ಸೆಲ್ಫ್ ಒತ್ತಿದಾಗ ಬ್ಯಾಟರಿ ಕಳೆದುಕೊಂಡದ್ದು ಆ ಐದು ನಿಮಿಷದಲ್ಲಿ ವಾಪಸ್ಸೂ ತುಂಬುವುದಿಲ್ಲ. ಆ ವರ್ಷ ಸೈಲೆನ್ಸರ್ ತಳ ತುಕ್ಕಿಗೆ ಹೋಯಿತು, ಬ್ಯಾಟರಿ ಅದಕ್ಕೂ ಮೊದಲೇ ಹೋಗಿತ್ತು.

‘ನಿದ್ದೆ ಹತ್ತಿರೋ ಮಗೂನ ವಾರವಾರ ಎಬ್ಬಿಸಿ, ನಿದ್ದೆ ಬಂತಾ ಅಂತ ಕೇಳ್ತಾರಾ ಸಾರ್?’ ಅಂದ ಮೆಕ್ಯಾನಿಕ್. ದುರದೃಷ್ಟಕ್ಕೆ ಇದನ್ನು ಹೆಂಡತಿಯ ಎದುರಿಗೇ ಅಂದ.

ಹೋದ ವರ್ಷ ಎಲ್ಲಾ ಸರಿಯಾಗಿ ಮಾಡಿದೆ. ತೊಳೆದೆ, ಚೈನಿಗೆ ಲೂಬ್ ಹಾಕಿದೆ, ಟೈರಿಗೆ ಗಾಳಿ ತುಂಬಿ ಸೆಂಟರ್ ಸ್ಟ್ಯಾಂಡ್ ಮೇಲೆ ನಿಲ್ಲಿಸಿದೆ. ಡ್ರೈನ್ ಬೋಲ್ಟ್ ಕೈ ಜಾರಲಿಲ್ಲ. ಏರ್ ಫಿಲ್ಟರ್ ಬಾಯಿಗೂ ಜಾಲರಿ ಕಟ್ಟಿದೆ. ಸೈಲೆನ್ಸರ್ ಬಾಯಿ ಮುಚ್ಚುವುದೊಂದು ಬಾಕಿ ಇತ್ತು. ‘ಅದನ್ನ ನಾನು ಮಾಡ್ತೀನಿ, ನೀವು ಕೈ ತೊಳ್ಕೊಳ್ಳಿ, ಕೀ ಇಲ್ಲಿ ಕೊಡಿ’ ಅಂದಳು ಹೆಂಡತಿ. ಕೊಟ್ಟೆ.

ಮಾರನೇ ದಿನ ಬಿಸಿಲು ಕಾಯಿಸಿತು. ಪ್ರತಿ ವರ್ಷ ಹೀಗೆಯೇ. ಬೈಕು ಮಲಗಿಸಿದ ಮಾರನೇ ದಿನ ಆಕಾಶ ತೊಳೆದಿಟ್ಟ ಹಾಗಿರುತ್ತದೆ, ರಸ್ತೆ ಒಣಗಿರುತ್ತದೆ, ದೂರದಲ್ಲಿ ಯಾರದೋ ಬೈಕು ಹೋದ ಸದ್ದು ಬೇರೆ. ಬ್ಯಾಟರಿಯನ್ನು ಐದು ನಿಮಿಷದಲ್ಲಿ ಹಾಕಬಹುದು, ಕೀ ಒಂದು ಸಿಕ್ಕರೆ ಸಾಕು ಅಂತ ಹುಡುಕಿದೆ. ಬೀರು, ಹೊಲಿಗೆ ಡಬ್ಬಿ, ಅವಳ ಮೂರು ಕೈಚೀಲ, ಟಾರ್ಚಿನ ಸೆಲ್ ಹಾಕುವ ಜಾಗ. ಆಮೇಲಿನ ನಾಲ್ಕು ತಿಂಗಳೂ ಸುಮ್ನೆ ಮಫ್ಲರ್ ಹುಡುಕುವವನ ಹಾಗೆ ಹುಡುಕುತ್ತಲೇ ಇದ್ದೆ. ಶನಿವಾರ ಶೆಡ್ಡಿಗೆ ಹೋಗಿ ಸೀಟಿನ ಮೇಲೆ ಕೂತು, ಯಾರೂ ಇಲ್ಲ ಅಂತ ನೋಡಿಕೊಂಡು, ಬಾಯಲ್ಲೇ ಡುರ್ರ್ ಅಂದು ಬರುತ್ತಿದ್ದೆ. ಇದರಿಂದ ಆಯಿಲ್‌ಗೆ ತೊಂದರೆ ಇಲ್ಲ.

ಹಿಮ ಕರಗಿತು. ಉಪ್ಪು ತೊಳೆದುಹೋಗುವಷ್ಟು ಮಳೆಯೂ ಬಂತು. ಬ್ಯಾಟರಿ ಕಂಕುಳಲ್ಲಿ ಇಟ್ಟುಕೊಂಡು ಅವಳ ಮುಂದೆ ನಿಂತೆ.

‘ಇನ್ನಾದ್ರೂ ಕೀ ಕೊಡ್ತೀಯಾ?’

‘ಮೊದ್ಲು ಹೋಗಿ ಸೈಲೆನ್ಸರ್ ಒಳಗಿರೋದನ್ನ ತೆಗೀರಿ. ಆಮೇಲೆ ಕೀ.’

ಹೋದೆ. ಕುಕ್ಕರಗಾಲಲ್ಲಿ ಕೂತು ಎಳೆದೆ. ಬೂದು ಬಣ್ಣದ ಉಣ್ಣೆ ಕಾಲುಚೀಲ ಉದ್ದಕ್ಕೆ ಬಂತು. ತುದಿಯಲ್ಲಿ, ಹೆಬ್ಬೆರಳಿನ ಜಾಗದಲ್ಲಿ, ಏನೋ ಗಟ್ಟಿ. ತಲೆಕೆಳಗು ಮಾಡಿ ಕೊಡವಿದೆ. ಕೀ ನೆಲಕ್ಕೆ ಬಿತ್ತು. ಅದರ ಹಿಂದೆಯೇ, ಅಚ್ಚುಕಟ್ಟಾಗಿ ಮಡಚಿದ, ಇನ್ನೊಂದು ಕಾಲಿನದು.