ಪಾಯದಲ್ಲಿ ಹಳೇ ಕಲ್ಲು ಸಿಕ್ಕರೆ ಕೆಲಸ ನಿಲ್ಲಿಸಬೇಕಾ?

ಪರ: ನಿಲ್ಲಿಸಲೇಬೇಕು

ನಮ್ಮೂರು ಮಂಡ್ಯ ಕಡೆ. ಕೆರೆ ಏರಿ ಪಕ್ಕ ರಸ್ತೆ ಅಗಲ ಮಾಡುವಾಗ ಒಂದು ವೀರಗಲ್ಲು ಎದ್ದಿತು. ನಾನು ಹೋಗುವಷ್ಟರಲ್ಲಿ ಮಣ್ಣಿನ ಗುಡ್ಡೆ ಮೇಲೆ ಅಂಗಾತ ಬಿದ್ದಿತ್ತು. ಕೆಳಗಿನ ಸಾಲಿನಲ್ಲಿ ಕತ್ತಿ ಹಿಡಿದ ವೀರ, ಅವನ ಹಿಂದೆ ಹಸುಗಳು, ಅದರ ಮೇಲೆ ಅಕ್ಷರ ಇದ್ದ ಪಟ್ಟಿಯ ಉದ್ದಕ್ಕೂ ಜೆಸಿಬಿ ಹಲ್ಲು ಎಳೆದ ನಾಲ್ಕು ಬಿಳಿ ಗೀರು. ದನ ಉಳಿಸಲು ಹೋಗಿ ಸತ್ತವನ ಹೆಸರು ಅಲ್ಲೇ ಇದ್ದಿರಬೇಕು. ಹೋಯ್ತು. ಡ್ರೈವರನ್ನು ಬೈಯಲೂ ಮನಸ್ಸಾಗಲಿಲ್ಲ, ಅವನಿಗೆ ಯಾರೂ ಏನೂ ಹೇಳಿರಲಿಲ್ಲ.

ಕಲ್ಲು ಎತ್ತಿ ಮ್ಯೂಸಿಯಂಗೆ ಕೊಟ್ಟರಾಯ್ತು ಅಲ್ವಾ ಎನ್ನುತ್ತಾರೆ. ಸಾಲದು. ಅದು ಯಾವ ಪದರದ ಮಣ್ಣಲ್ಲಿತ್ತು, ಪಕ್ಕದಲ್ಲಿ ಮಡಕೆ ಚೂರಿತ್ತಾ, ಬೂದಿ ಇತ್ತಾ, ಮೂಳೆ ಇತ್ತಾ, ಇದೆಲ್ಲ ಕೂಡಿದರೆ ಕಾಲ ಸರಿಯಾಗಿ ಗೊತ್ತಾಗುವುದು. 1960ರ ಆಸುಪಾಸಿನಲ್ಲಿ ಮೈಸೂರು ವಿಶ್ವವಿದ್ಯಾಲಯದ ಎಂ. ಶೇಷಾದ್ರಿಯವರು ತಿ. ನರಸೀಪುರದಲ್ಲಿ ಅಗೆಸಿದಾಗ ಅಲ್ಲಿ ನವಶಿಲಾಯುಗದ ಜನ ಬದುಕಿದ್ದರೆಂದು ತಿಳಿದದ್ದು ಮಣ್ಣನ್ನು ಪದರ ಪದರವಾಗಿ ಕೆರೆದಿದ್ದಕ್ಕೆ. ಜೆಸಿಬಿ ಬಕೆಟ್ ಹಾಕಿದ್ದರೆ ಒಂದು ಟಿಪ್ಪರ್ ಲೋಡ್ ಮಣ್ಣು, ಅಷ್ಟೇ.

ನಿಲ್ಲಿಸಿದರೆ ಪ್ರಾಜೆಕ್ಟೇ ಹಾಳು ಅನ್ನುವುದೂ ಸುಮ್ನೆ ಮಾತು. ಶ್ರೀರಂಗಪಟ್ಟಣದಲ್ಲಿ ಜೋಡಿ ರೈಲು ಹಳಿಗೆ ಟಿಪ್ಪು ಕಾಲದ ಮದ್ದಿನ ಮನೆ, ಅಂದರೆ ಸಿಡಿಮದ್ದು ಇಡುತ್ತಿದ್ದ ಕಟ್ಟಡ, ಅಡ್ಡ ಬಂತು. ಒಡೆಯಲಿಲ್ಲ. 2017ರಲ್ಲಿ ಸುಮಾರು 1,000 ಟನ್ ತೂಕದ ಆ ಕಟ್ಟಡವನ್ನು ಇಡಿಯಾಗಿ ಜಾಕಿ ಕೊಟ್ಟು ಎತ್ತಿ, 100 ಮೀಟರಿಗೂ ಆಚೆ ಸರಿಸಿ ಕೂರಿಸಿದರು. ಈಗ ರೈಲೂ ಓಡುತ್ತದೆ, ಮದ್ದಿನ ಮನೆಯೂ ಇದೆ. ಜಾಗ ಮುಖ್ಯ ಅಂದವನು ನೀನೇ ಅಲ್ವಾ ಎಂದು ಕೇಳಬಹುದು. ಕೇಳಿ, ಆ ಬೇಜಾರು ನನಗೂ ಇದೆ.

ವಿರೋಧ: ಯಾರ ದುಡ್ಡಲ್ಲಿ ನಿಲ್ಲಿಸುವುದು?

ಆ ಜಾಕಿಗೆ ದುಡ್ಡು ಕೊಟ್ಟದ್ದು ರೈಲ್ವೆ. ನನ್ನದು ಅದೇ ಊರಿನಲ್ಲಿ 30×40 ಸೈಟು. ಪ್ರಾಚೀನ ಸ್ಮಾರಕಗಳ ಕಾಯ್ದೆಯ 2010ರ ತಿದ್ದುಪಡಿ ಪ್ರಕಾರ ಕೇಂದ್ರದ ಸಂರಕ್ಷಿತ ಸ್ಮಾರಕದಿಂದ 100 ಮೀಟರ್ ಒಳಗೆ ಹೊಸದಾಗಿ ಕಟ್ಟುವಂತಿಲ್ಲ, ಅದರಾಚೆ ಇನ್ನೂ 200 ಮೀಟರ್ ಅನುಮತಿ ಬೇಕು. ಟೇಪು ಹಿಡಿದು ಆ ಗೆರೆಯನ್ನೂ ದಾಟಿಯೇ ಸೈಟು ಕೊಂಡಿದ್ದೆ.

ಆದರೂ ಮೂರಡಿ ಕೆಳಗೆ ಹಳೇ ಗೋಡೆಯ ಬುಡ ಬಂತು. ಮೇಸ್ತ್ರಿ ಗುದ್ದಲಿ ಕೆಳಗಿಟ್ಟು ನನ್ನ ಮುಖ ನೋಡಿದರು. "ಏನ್ ಸಾರ್, ಹೇಳ್ತೀರಾ, ಮುಚ್ಚೋಣ್ವಾ?"

ಹೇಳಿದೆ. ಪುರಾತತ್ವ ಇಲಾಖೆಗೆ ಅರ್ಜಿ ಕೊಟ್ಟೆ. ನೋಡಲು ಬಂದದ್ದು ಏಳು ವಾರಕ್ಕೆ. ಅಷ್ಟರಲ್ಲಿ ಮಳೆ ಹೊಡೆದು ಪಾಯ ಕೆರೆಯಾಗಿತ್ತು, ದಡ ಕುಸಿದು ಅರ್ಧ ಗೋಡೆ ಕಿತ್ತುಬಂದಿತ್ತು, 20 ಮೂಟೆ ಸಿಮೆಂಟ್ ಕಲ್ಲಾಗಿತ್ತು, ಅತ್ತ ಬಾಡಿಗೆ ಇತ್ತ ಬ್ಯಾಂಕಿನ ಕಂತು ಎರಡೂ ನಡೆದೇ ಇತ್ತು. ಬಂದವರು ಎರಡು ಫೋಟೋ ತೆಗೆದು, ಇಂಥದ್ದು ಈ ಊರಲ್ಲಿ ಎಲ್ಲಾ ಕಡೆ ಇದೆ, ಕಟ್ಟಿಕೊಳ್ಳಿ ಎಂದರು.

ಪಕ್ಕದ ಬೀದಿಯವರು ನನಗಿಂತ ಬುದ್ಧಿವಂತರು. ಅವರಿಗೆ ಸಿಕ್ಕ ಕೆತ್ತನೆ ಕಲ್ಲನ್ನು ರಾತ್ರೋರಾತ್ರಿ ಒಡೆಸಿ ಪಾಯಕ್ಕೇ ತುಂಬಿಸಿದರು. ನಿಲ್ಲಿಸು ಎಂದು ಹೆದರಿಸಿದರೆ ಆಗುವುದು ಇದೇ.

ಜಾಗ ಮುಖ್ಯ ಎನ್ನುವವರು ಕನ್ನಂಬಾಡಿ ನೆನೆಸಿಕೊಳ್ಳಲಿ. 1911ರಲ್ಲಿ ಕಟ್ಟೆ ಕೆಲಸ ಶುರುವಾಯ್ತು, ಹಳೇ ಊರಿನ ವೇಣುಗೋಪಾಲಸ್ವಾಮಿ ಗುಡಿ ಮುಳುಗಿತು. ಗುಡಿ ಇದೆ ಎಂದು ಕಟ್ಟೆ ನಿಲ್ಲಿಸಿದ್ದರೆ ಮಂಡ್ಯದಲ್ಲಿ ಇಷ್ಟು ಕಬ್ಬೆಲ್ಲಿ? ದಶಕಗಳಾದ ಮೇಲೆ ಆ ಗುಡಿಯನ್ನು ಹೊಸ ಕನ್ನಂಬಾಡಿಯಲ್ಲಿ ಮತ್ತೆ ಕಟ್ಟಿದರು. ಈಗ ಜನ ಹಿನ್ನೀರು ನೋಡುತ್ತಾ ಅಲ್ಲೇ ಕೈ ಮುಗಿಯುತ್ತಾರೆ.

ಇಲಾಖೆಯವರು ಎರಡು ದಿನದಲ್ಲಿ ಬರಲಿ. ಅಳೆಯಲಿ, ಬರೆದುಕೊಳ್ಳಲಿ, ಬೇಕಾದ್ದು ಒಯ್ಯಲಿ. ಅದಕ್ಕಿಂತ ಜಾಸ್ತಿ ನಿಲ್ಲಿಸಿದರೆ ದಿನದ ಲೆಕ್ಕದಲ್ಲಿ ದುಡ್ಡು ಕೊಡಲಿ. ಆಗ ಪಾಯ ತೋಡುವ ಎಲ್ಲರೂ ತಾವಾಗಿಯೇ ಫೋನ್ ಮಾಡುತ್ತಾರೆ.

ಆ ಗೋಡೆಯ ಒಂದು ಇಟ್ಟಿಗೆಯನ್ನು ತುಳಸಿಕಟ್ಟೆ ಪಕ್ಕ ಇಟ್ಟಿದ್ದೇನೆ. ಈಗಿನದಕ್ಕಿಂತ ತೆಳು. ಮೇಸ್ತ್ರಿ ಬಂದಾಗಲೆಲ್ಲ ಅದನ್ನೆತ್ತಿ ಬೆರಳಲ್ಲಿ ತಟ್ಟಿ ಸದ್ದು ಕೇಳಿ, ಮತ್ತೆ ಅಲ್ಲೇ ಇಡುತ್ತಾರೆ.